ಮುಯ್ಯಿ ಇಲ್ಲದ ಮನೆ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಂದದ್ದು 2013ರಲ್ಲಿ. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದ ಬಂದ ಮೇಲೆ ನಮ್ಮ ಆಫೀಸಿನ ಕನ್ನಡ ಬಾರದವರೂ ಅದನ್ನು ಓದಿದರು. ಓದಿದವರು ಹೆಚ್ಚಾಗಿ ಹೇಳೋದು ಒಂದೇ ಮಾತು: ದುಡ್ಡು ಬಂದರೆ ಮನುಷ್ಯ ಕೆಡ್ತಾನೆ. ನನಗೆ ಈ ಓದು ಸಾಲದು ಅನ್ಸುತ್ತೆ. ಕೊಡೋರು ಯಾರು, ತಗೊಳ್ಳೋರು ಯಾರು ಅನ್ನೋದೇ ಗೊತ್ತಾಗದಂತೆ ಸಿಕ್ಕುಬಿದ್ದ ಮನೆಯ ಕಥೆ ಅದು.

ಮೇಲ್ನೋಟಕ್ಕೆ ಲೆಕ್ಕ ಸುಲಭ. ಸೋನಾ ಮಸಾಲಾ ಕಂಪನಿಯ ಚಿಕ್ಕಪ್ಪ ದುಡೀತಾನೆ, ಉಳಿದವರು ಕೂತು ತಿಂತಾರೆ. ಕಥೆ ಹೇಳುವವನಿಗೆ ಹೆಸರಿಗೊಂದು ಡೈರೆಕ್ಟರ್ ಪಟ್ಟ. ಕೆಲಸ ಮಾಡದಿದ್ದರೂ ಅಕೌಂಟಿಗೆ ದುಡ್ಡು ಬೀಳುತ್ತೆ. ಆದರೆ ಕಂಪನಿಗೆ ಬಂಡವಾಳ ಎಲ್ಲಿಂದ ಬಂತು? ಸೇಲ್ಸ್‌ಮನ್ ಆಗಿದ್ದ ಅಪ್ಪ ಕೆಲಸ ಬಿಡಬೇಕಾಗಿ ಬಂದಾಗ ಸಿಕ್ಕ ಹಣದಿಂದ. ಹಾಗಿದ್ದರೆ ಯಾರು ಯಾರ ಅನ್ನ ತಿಂತಿದ್ದಾರೆ?

ನಮ್ಮೂರ ಕಡೆ ಮುಯ್ಯಿ ಅಂತ ಇದೆ. ಮದುವೆಮನೇಲಿ ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಡ್ತಾರೆ. ಅವರ ಮನೆ ಮದುವೆಗೆ ಅದನ್ನು ತೀರಿಸಬೇಕು. ನಾಟಿಗೂ ಹಾಗೇ: ಇವತ್ತು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮ ಗದ್ದೆಗೆ. ಸಿಟಿಗೆ ಬಂದವರಿಗೆ ಇದು ಬರೀ ವ್ಯವಹಾರವಾಗಿ ಕಾಣಬಹುದು. ಆದರೆ ಅದರಲ್ಲೊಂದು ಮರ್ಯಾದೆ ಇದೆ. ಇವತ್ತು ಕೈ ಚಾಚಿದವನು ನಾಳೆ ಕೊಡುವವನೇ, ಹಾಗಾಗಿ ಯಾರೂ ತಲೆ ತಗ್ಗಿಸಬೇಕಿಲ್ಲ.

ಸೋನಾ ಮಸಾಲಾದ ಮನೆಯಲ್ಲಿ ಈ ಪುಸ್ತಕ ಇಲ್ಲ. ದುಡ್ಡನ್ನು ದುಡ್ಡಾಗಿ ತೀರಿಸೋಕಾಗಲ್ಲ, ಅದಕ್ಕೆ ಬೇರೆ ಏನನ್ನೋ ಕೊಡ್ತಾರೆ. ಚಿಕ್ಕಪ್ಪನ ಚಹಾ, ತಿಂಡಿ, ಮನಸ್ಸಿನ ಏರುಪೇರು ಎಲ್ಲರೂ ಕಾಯುವ ವಿಷಯಗಳಾಗ್ತವೆ. ಒಂದು ದಿನ ಒಬ್ಬ ಹೆಂಗಸು ಅವನಿಗೆ ಇಷ್ಟ ಅಂತ ಬೇಳೆ ಸಾರು ಮಾಡಿಕೊಂಡು ಬಾಗಿಲಿಗೆ ಬರ್ತಾಳೆ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟಿಬಿಡ್ತಾರೆ. ಒಳಗಿದ್ದ ಚಿಕ್ಕಪ್ಪ ಹೊರಗೇ ಬರಲ್ಲ. ಇಡೀ ಪುಸ್ತಕದಲ್ಲಿ ಏನನ್ನೂ ಕೇಳದೆ ಕೊಡಲು ಬಂದವಳು ಅವಳೊಬ್ಬಳೇ. ಚೆಲ್ಲಿದ್ದು ಅವಳ ಸಾರೇ. ಕಥೆಯ ಎದೆ ಇರೋದು ಇಲ್ಲಿ, ನಿಗೂಢವಾದ ಕೊನೆಯಲ್ಲಲ್ಲ.

ನನಗೊಂದು ತಕರಾರೂ ಇದೆ. ಇದೆಲ್ಲ ತಪ್ಪು ಅಂತ ಹೇಳೋಕೆ ಹೆಂಡತಿ ಅನಿತಾ ಇದ್ದಾಳೆ, ಆದರೆ ಅವಳು ಬಹುಪಾಲು ಪ್ರಶ್ನೆ ಕೇಳುವ ದನಿಯಾಗೇ ಉಳೀತಾಳೆ. ಚಿಕ್ಕಪ್ಪನ ಒಳಗನ್ನಂತೂ ಲೇಖಕರು ತೆರೆಯೋದೇ ಇಲ್ಲ. ಕಥೆ ಹೇಳುವವನು ತಗೊಳ್ಳುವವನು, ಅವನಿಗೆ ಕೊಡುವವನ ಮನಸ್ಸು ಕಾಣಲ್ಲ ಅಂತ ಸಮರ್ಥಿಸಬಹುದು. ಆದರೂ ಸಂಬಳ ಬಂದ ದಿನವೇ ಮನೆಗೆ ಕಳಿಸುವ ನಮ್ಮಂಥವರು ಈ ಪುಸ್ತಕದಲ್ಲಿ ಹುಡುಕೋದು ಆ ಚಿಕ್ಕಪ್ಪನನ್ನೇ.

ಹಬ್ಬಕ್ಕೆ ಊರಿಗೆ ಹೋದರೆ ಅವ್ವ ಮೊದಲು ಬಡಿಸೋದು ನನ್ನ ತಟ್ಟೆಗೆ. ವರ್ಷವಿಡೀ ಹೊಲ, ದನ, ಅವ್ವನ ಮಾತ್ರೆ ಎಲ್ಲ ನೋಡಿಕೊಳ್ಳುವ ಅಣ್ಣ ಕಾಯ್ತಾನೆ. ಕಳಿಸಿದ ದುಡ್ಡು ನನ್ನ ಫೋನಿನಲ್ಲಿ ತಾರೀಕಿನ ಸಮೇತ ಇದೆ. ಅವನು ಕೊಟ್ಟಿದ್ದಕ್ಕೆ ಯಾವ ಆ್ಯಪಿನಲ್ಲೂ ಎಂಟ್ರಿ ಇಲ್ಲ.

ದುಡ್ಡಿನ ಬಗ್ಗೆ ಎಚ್ಚರಿಸುವ ಪುಸ್ತಕಗಳು ಬೇಕಾದಷ್ಟಿವೆ. ತಿಂಗಳ ಟ್ರಾನ್ಸ್‌ಫರ್ ಮಾಡುವಾಗ ಇದನ್ನು ಕೊಡೋದು ಅನ್ನಬೇಕೋ, ತೀರಿಸೋದು ಅನ್ನಬೇಕೋ ಅಂತ ಬೆರಳು ತಡೆಯೋ ಹಾಗೆ ಮಾಡುವ ಪುಸ್ತಕ ನಾನು ಓದಿದ್ದರಲ್ಲಿ ಇದೊಂದೇ.