ಮುರಿದ ನಂಬಿಕೆಯ ಪುನರ್ನಿರ್ಮಾಣ: ಒಂದು ವರದಿಯ ವಿಮರ್ಶೆ

ವಿದ್ಯಾಲಯದಲ್ಲಿ ತಪ್ಪು ನಡೆದಾಗ ಆಡಳಿತವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಯಾವ ನಿಯಮದ ಭಂಗವಾಯಿತು? ಭಂಗ ಮಾಡಿದವನಿಗೆ ಯಾವ ಶಿಕ್ಷೆ? ಅಮೆರಿಕದ ಚಿಂತಕ ಹೊವರ್ಡ್ ಜೆಹ್ರ್ 1990ರಲ್ಲಿ ಪ್ರಕಟಿಸಿದ ‘ಚೇಂಜಿಂಗ್ ಲೆನ್ಸಸ್’ ಗ್ರಂಥದಲ್ಲಿ ಈ ದೃಷ್ಟಿಯನ್ನೇ ಬದಲಿಸಿ, ನೊಂದವರು ಯಾರು, ಅವರ ಅಗತ್ಯವೇನು, ಅದನ್ನು ಪೂರೈಸುವ ಹೊಣೆ ಯಾರದು ಎಂದು ಕೇಳಿದರು. ಪುನಃಸ್ಥಾಪನಾ ನ್ಯಾಯವೆನ್ನುವ ಈ ವಿಚಾರ ಕಾಲೇಜಿನಲ್ಲಿ ಎಷ್ಟು ಸಾಧ್ಯವೆಂಬುದಕ್ಕೆ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾನಿಲಯದ 2015ರ ಮೇ ತಿಂಗಳ ವರದಿ ಒಂದು ಒರೆಗಲ್ಲು.

2014ರ ಡಿಸೆಂಬರಿನಲ್ಲಿ ಅಲ್ಲಿನ ದಂತವೈದ್ಯ ವಿಭಾಗದ ಅಂತಿಮ ವರ್ಷದ ಹದಿಮೂರು ವಿದ್ಯಾರ್ಥಿಗಳ ಫೇಸ್‌ಬುಕ್ ಗುಂಪೊಂದು ಬಯಲಿಗೆ ಬಂದಿತು. ಸಹಪಾಠಿನಿಯರನ್ನು ಕುರಿತ ಹೀನ ಮಾತುಗಳು ಅದರಲ್ಲಿದ್ದವು. ಆ ವಿದ್ಯಾರ್ಥಿಗಳನ್ನು ರೋಗಿಗಳ ಚಿಕಿತ್ಸಾ ತರಬೇತಿಯಿಂದ ಕೆಲಕಾಲ ದೂರವಿರಿಸಲಾಯಿತು. ಹನ್ನೆರಡು ಮಂದಿ ನೊಂದವರೆದುರು ಕುಳಿತು ಉತ್ತರಿಸುವ ಕ್ರಮವನ್ನು ಒಪ್ಪಿಕೊಂಡರು. ಸಹಪಾಠಿನಿಯರಲ್ಲಿ ಹಲವರು ಅದರಲ್ಲಿ ಭಾಗವಹಿಸಿದರು.

ವರದಿಯ ದೊಡ್ಡ ಗುಣವೆಂದರೆ ಅದು ಹದಿಮೂವರಲ್ಲಿಯೇ ನಿಲ್ಲುವುದಿಲ್ಲ. ಸಮುದಾಯ ನಿರ್ಮಾಣ, ಒಳಗೊಳ್ಳುವಿಕೆ ಮತ್ತು ಸಮಾನತೆ, ವೃತ್ತಿಧರ್ಮ ಎಂಬ ಮೂರು ವಿಷಯಗಳಡಿಯಲ್ಲಿ ಇಡೀ ವಿಭಾಗದ ವಾತಾವರಣವನ್ನು ಅದು ಪರಿಶೀಲಿಸುತ್ತದೆ. ತರಗತಿಯಲ್ಲಿ ಅಸಡ್ಡೆಯ ಮಾತು ಸಹಜವೆನಿಸಿದಲ್ಲಿ ವಿದ್ಯಾರ್ಥಿಯ ತಪ್ಪಿಗೆ ಅಧ್ಯಾಪಕರ ಮೌನವೂ ನೀರೆರೆದಿರುತ್ತದೆ ಎಂಬ ಅರಿವು ಇಲ್ಲಿ ಮೂಡುತ್ತದೆ. ‘ಇದು ನನ್ನ ಮನೆ’ ಎಂಬ ಭಾವವು ನೀತಿಸಂಹಿತೆಯಿಂದ ಹುಟ್ಟುವುದಿಲ್ಲ. ತನ್ನ ಮಾತನ್ನು ಯಾರೋ ಕೇಳುವರೆಂಬ ನಂಬಿಕೆಯಿಂದ ಹುಟ್ಟುತ್ತದೆ.

ಆದರೆ ವರದಿಯ ಹೊರಗೆ ಉಳಿದ ಧ್ವನಿಯೂ ಇದೆ. ಅದೇ ತರಗತಿಯ ಕೆಲವು ವಿದ್ಯಾರ್ಥಿನಿಯರು ಈ ಮಾರ್ಗ ತಮಗೆ ಬೇಡವೆಂದೂ, ಒಪ್ಪಿಕೊಳ್ಳುವಂತೆ ತಮ್ಮ ಮೇಲೆ ಒತ್ತಡವಿದೆಯೆಂದೂ ಪತ್ರ ಬರೆದಿದ್ದರು. ಭಾಗವಹಿಸಿದ ವಿದ್ಯಾರ್ಥಿನಿಯರಾದರೋ, ಇದು ತಮ್ಮದೇ ಆಯ್ಕೆ, ಹೊರಗಿನವರು ತಮ್ಮ ಪರವಾಗಿ ಮಾತನಾಡುವುದು ಬೇಡ ಎಂದರು. ಎರಡು ಮಾತುಗಳನ್ನೂ ನಂಬಲೇಬೇಕು. ದೋಷವಿರುವುದು ಒಂದೇ ಬಾಗಿಲನ್ನು ತೆರೆದಿಡುವ ವ್ಯವಸ್ಥೆಯಲ್ಲಿ. ಕ್ಷಮೆ ಕೇಳುವುದು ತಪ್ಪಿತಸ್ಥನ ಕರ್ತವ್ಯ. ಕ್ಷಮಿಸುವುದು ನೊಂದವರ ಮೇಲಿನ ಸಾಲವಲ್ಲ. ಸಂಸ್ಥೆಯು ಸಾಮರಸ್ಯದ ಆತುರದಲ್ಲಿ ಈ ಭೇದವನ್ನು ಮರೆತರೆ ನೊಂದವರು ಇನ್ನೊಮ್ಮೆ ನೋಯುತ್ತಾರೆ.

ಶಿಕ್ಷೆ ಮತ್ತು ಸಂಧಾನಗಳು ಪರಸ್ಪರ ವಿರುದ್ಧವೆಂಬ ವಾದವೂ ನಿಲ್ಲಲಾರದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳು ಗುರುಗಳೆದುರು ದೋಷವನ್ನು ನಿವೇದಿಸುವ ಆಲೋಚನೆಯಿಂದ ಆರಂಭವಾಗುತ್ತವೆ. ದೀಕ್ಷಾಕಾಲವನ್ನು ತಗ್ಗಿಸುವ ಛೇದ, ಸಂಘದಿಂದ ಕೆಲಕಾಲ ದೂರವಿರಿಸುವ ಪರಿಹಾರಗಳನ್ನು ದಾಟಿ, ಮತ್ತೆ ದೀಕ್ಷೆಯಿತ್ತು ಸೇರಿಸಿಕೊಳ್ಳುವ ಉಪಸ್ಥಾಪನೆಯಲ್ಲಿ ಮುಗಿಯುತ್ತವೆ. ಮುನಿಗಳ ಆಚಾರಕ್ಕೆ ವಿಧಿಸಿದ ಈ ಕ್ರಮದಲ್ಲಿ ನಿವೇದನೆಯೂ ನಿರ್ಬಂಧವೂ ಒಂದೇ ಏಣಿಯ ಮೆಟ್ಟಿಲುಗಳು. ಕಡೆಯ ಮೆಟ್ಟಿಲು ಮರಳಿ ಬರುವವನಿಗಾಗಿ ಇದೆ.

ಐದು ತಿಂಗಳ ಪ್ರಯತ್ನವು ಹಲವು ವರ್ಷಗಳ ರೂಢಿಯನ್ನು ಅಳಿಸಲಾರದು. ಕಾಲೇಜು, ವಿದ್ಯಾರ್ಥಿನಿಲಯಗಳನ್ನು ನಡೆಸುವ ಸಂಸ್ಥೆಗಳು ಅವಘಡಕ್ಕಾಗಿ ಕಾಯದೆ, ವರ್ಷದ ಆರಂಭದಲ್ಲಿಯೇ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಸಮಾನ ಆಸನಗಳಲ್ಲಿ ಕೂಡಿಸಿ, ಪ್ರತಿಯೊಬ್ಬರಿಗೂ ಸರದಿಯ ಮಾತು ಕೊಡಬೇಕು. ವಿಧಿಬದ್ಧ ದೂರಿನ ದಾರಿಯನ್ನೂ ತೆರೆದಿಡಬೇಕು. ‘ಬೇಡ’ ಎನ್ನುವ ಸ್ವಾತಂತ್ರ್ಯವಿದ್ದಲ್ಲಿ ಮಾತ್ರ ‘ಕ್ಷಮಿಸಿದ್ದೇನೆ’ ಎಂಬ ಮಾತಿಗೆ ಬೆಲೆ ಬರುತ್ತದೆ.