ಹೊಗೆಯಿಲ್ಲದ ಗಾಡಿಯ ಚೆಲುವು

ತಿರುವನಂತಪುರದ ವೇಳಿಯಲ್ಲಿ, ಹಿನ್ನೀರಿನ ದಂಡೆಗುಂಟ, ಪುಟಾಣಿ ರೈಲೊಂದಿದೆ. 2020ರ ನವೆಂಬರಿನಲ್ಲಿ ಉದ್ಘಾಟನೆಯಾದ ಇದು ಸೌರಶಕ್ತಿಯಿಂದ ಓಡುವ ದೇಶದ ಮೊದಲ ಪುಟಾಣಿ ರೈಲು. ಎರಡೂವರೆ ಕಿಲೋಮೀಟರ್ ಹಳಿ, ಮೂರು ಬೋಗಿ, ಒಂದು ಸಲಕ್ಕೆ 45 ಮಂದಿ. ಎಳೆಯುವುದು ವಿದ್ಯುತ್ತು. ಆದರೆ ಮುಂದಿರುವ ಎಂಜಿನ್ನಿಗೆ ತೊಡಿಸಿರುವುದು ಹಳೇ ಉಗಿಬಂಡಿಯ ವೇಷ, ಚಿಮಣಿಯಿಂದ ಬರುವುದು ಕೃತಕ ಹೊಗೆ. ಮಕ್ಕಳಿಗೆ ಅದು ಹಬ್ಬವೇ ಸರಿ. ರೈಲಿನ ಸ್ಕೇಲ್ ಮಾಡೆಲ್ ಕಟ್ಟುವವರು ಅದರ ಮುಂದೆ ನಿಂತರೆ ಮಾತ್ರ ಬೇರೊಂದು ಪ್ರಶ್ನೆ ಏಳುತ್ತದೆ. ವಿದ್ಯುತ್ತಿನಲ್ಲಿ ಓಡುವ ಗಾಡಿ ವಿದ್ಯುತ್ ಗಾಡಿಯ ಹಾಗೆಯೇ ಕಂಡರೆ ಜನಕ್ಕೆ ಹಿಡಿಸುವುದಿಲ್ಲವೇ?

ಉಗಿಬಂಡಿಗೆ ಮುಖವಿದೆ, ಉಸಿರಿದೆ, ಗಾಲಿಯ ಪಕ್ಕದಲ್ಲಿ ಕಣ್ಣಿಗೆ ಕಾಣುವಂತೆ ಆಡುವ ಕೊಂಡಿಗಳಿವೆ. ವಿದ್ಯುತ್ ಪ್ರಯಾಣಿಕರ ಗಾಡಿಗಳಲ್ಲಿ ಬಹಳಷ್ಟಕ್ಕೆ ಬೇರೆ ಎಂಜಿನ್ನೇ ಇಲ್ಲ. ಮೋಟರು ಬೋಗಿಯ ಅಡಿಯಲ್ಲೇ ಅಡಗಿರುತ್ತದೆ, ಹಿಂದುಮುಂದು ಎರಡೂ ಒಂದೇ ಥರ. ಹಾಗಾಗಿ ಮಾಡೆಲ್ ಕಟ್ಟುವವರಲ್ಲೂ ಹೆಚ್ಚಿನವರು ಉಗಿಯ ಕಡೆಗೇ ವಾಲುತ್ತಾರೆ. ಆದರೆ ಈ ಹವ್ಯಾಸದಲ್ಲಿ ಕಣ್ಣನ್ನು ನಿಜವಾಗಿ ಪಳಗಿಸುವುದು ಹಳೇ ಬ್ರಿಟಿಷ್ ವಿದ್ಯುತ್ ಗಾಡಿಗಳೇ. ಇವನ್ನು ಕಟ್ಟುವ ಆಸೆಯಿದ್ದವರಿಗೆ ಕೊಚ್ಚಿ, ತಿರುವನಂತಪುರಗಳಲ್ಲಿ ನೋಡಿ ಕಲಿಯುವುದಕ್ಕೆ ಬೇಕಾದಷ್ಟಿದೆ.

ಆಟಿಕೆಯ ಚರಿತ್ರೆಯೂ ಇವುಗಳ ಪರವಾಗಿಯೇ ಇದೆ. ಮೆಕ್ಯಾನೊ ಖ್ಯಾತಿಯ ಫ್ರಾಂಕ್ ಹಾರ್ನ್‌ಬಿಯ ಕಂಪನಿ 1925ರಲ್ಲಿ ತನ್ನ ಮೊತ್ತಮೊದಲ ವಿದ್ಯುತ್ ಆಟಿಕೆ ರೈಲನ್ನು ಮಾರುಕಟ್ಟೆಗೆ ತಂದಾಗ ಮಾದರಿಯಾಗಿ ಆರಿಸಿಕೊಂಡದ್ದು ಉಗಿಬಂಡಿಯನ್ನಲ್ಲ, ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯ ವಿದ್ಯುತ್ ಎಂಜಿನ್ನನ್ನು. ಅದೇ 1925ರ ಫೆಬ್ರುವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾದವರೆಗೆ ಭಾರತದ ಮೊದಲ ವಿದ್ಯುತ್ ಪ್ರಯಾಣಿಕರ ಗಾಡಿ 1500 ವೋಲ್ಟ್ ಡಿಸಿಯಲ್ಲಿ ಓಡಿತು. ಲಂಡನ್ನಿನ ಆ ಎಂಜಿನ್ನುಗಳನ್ನು ಕಟ್ಟಿದ ಮೆಟ್ರೊಪಾಲಿಟನ್-ವಿಕರ್ಸ್ ಕಂಪನಿಯೇ ಮುಂದೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗೆ ಡೆಕ್ಕನ್ ಕ್ವೀನ್ ರೈಲನ್ನು ಎಳೆದ ಎಂಜಿನ್ನುಗಳನ್ನೂ ಕೊಟ್ಟಿತು. ಅವುಗಳಲ್ಲೊಂದು, 4006 ಸಂಖ್ಯೆಯ ‘ಸರ್ ರೋಜರ್ ಲಮ್ಲಿ’, ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಅಳತೆ ಪಟ್ಟಿ, ಕ್ಯಾಮೆರಾ ಹಿಡಿದು ಹೋಗುವವರಿಗೆ ಒಂದು ಇಡೀ ದಿನದ ಕೆಲಸ ಅಲ್ಲಿದೆ.

ಈ ಗಾಡಿಗಳಿಗೆ ಮುಖವೇ ಇಲ್ಲ ಎನ್ನುವವರು ಬ್ರಿಟನ್ನಿನ ಸದರ್ನ್ ರೈಲ್ವೆಯ 4-ಕಾರ್ (4-COR) ಗಾಡಿಯನ್ನು ನೋಡಬೇಕು. 1937ರಲ್ಲಿ ಲಂಡನ್-ಪೋರ್ಟ್ಸ್‌ಮತ್ ಮಾರ್ಗಕ್ಕೆ ಬಂದ ಈ ನಾಲ್ಕು ಬೋಗಿಯ ಗಾಡಿಯ ಮುಂಭಾಗದ ನಟ್ಟನಡುವೆ ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟುವ ಬಾಗಿಲಿದೆ. ಅದರ ಒಂದು ಪಕ್ಕ ಚಾಲಕನ ಕಿಟಕಿ, ಇನ್ನೊಂದು ಪಕ್ಕ ಮಾರ್ಗಸಂಖ್ಯೆಯ ಫಲಕ. ದೂರದಿಂದ ಒಕ್ಕಣ್ಣನಂತೆ ಕಾಣುವ ಇದನ್ನು ಜನ ‘ನೆಲ್ಸನ್’ ಎಂದು ಕರೆದರು. ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ನೌಕಾಧಿಪತಿ ನೆಲ್ಸನ್ನನ ಹಡಗು ‘ವಿಕ್ಟರಿ’ ಇರುವುದು ಪೋರ್ಟ್ಸ್‌ಮತ್ತಿನಲ್ಲೇ. ಮಾಡೆಲಿನಲ್ಲಿ ಆ ಕಿಟಕಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಮುಖದ ಕಳೆಯೇ ಹೋಗುತ್ತದೆ. ಉಗಿಬಂಡಿಯಲ್ಲಿ ಕಣ್ಣು ಸೆಳೆಯುವ ನೂರು ಸಂಗತಿಗಳ ನಡುವೆ ಒಂದು ತಪ್ಪು ಮುಚ್ಚಿಹೋಗಬಹುದು. ನುಣುಪಾದ ಹಸಿರು ತಗಡಿನ ಗೋಡೆ, ಸಾಲು ಕಿಟಕಿ, ಇಷ್ಟೇ ಇರುವ ಕಡೆ ಮುಚ್ಚಿಡುವುದಕ್ಕೆ ಜಾಗವಿಲ್ಲ.

ಇನ್ನೊಂದು ತುದಿಯಲ್ಲಿರುವುದು ಅದೇ ರೈಲ್ವೆಯ ಬ್ರೈಟನ್ ಬೆಲ್. ಇಡೀ ಗಾಡಿಯೇ ಪುಲ್‌ಮನ್ ಎಂಬ ಐಷಾರಾಮಿ ಬೋಗಿಗಳದ್ದಾಗಿದ್ದ, ಪ್ರಪಂಚದಲ್ಲೇ ಏಕೈಕ ವಿದ್ಯುತ್ ಗಾಡಿ ಇದು. 1933ರ ಜನವರಿ 1ರಂದು ‘ಸದರ್ನ್ ಬೆಲ್’ ಹೆಸರಿನಲ್ಲಿ ಓಡಾಟ ಶುರುಮಾಡಿ, ಮರುವರ್ಷ ಈಗಿನ ಹೆಸರು ಪಡೆದು, 1972ರ ಏಪ್ರಿಲ್ 30ರಂದು ಕೊನೆಯ ಸಲ ಓಡಿತು. ಐದೈದು ಬೋಗಿಯ ಮೂರು ಸೆಟ್ಟುಗಳು, ಒಟ್ಟು 15 ಬೋಗಿ. ಕೊನೆಗಾಲದಲ್ಲಿ ಬೆಳಗಿನ ತಿಂಡಿಯ ಪಟ್ಟಿಯಿಂದ ಹೊಗೆಯಲ್ಲಿ ಒಣಗಿಸಿದ ಮೀನನ್ನು ತೆಗೆದಾಗ ನಟ ಲಾರೆನ್ಸ್ ಒಲಿವಿಯೆ ಪ್ರತಿಭಟನೆಗೆ ನಿಂತಿದ್ದು ದೊಡ್ಡ ಸುದ್ದಿಯಾಗಿತ್ತು. ಮಾಡೆಲ್ ಕಟ್ಟುವವರ ಪಾಲಿಗೆ ಈ ಗಾಡಿಯ ಹೃದಯ ಅದರ ಒಳಾಂಗಣದಲ್ಲಿದೆ: ಮೇಜಿನ ಮೇಲಿನ ಪುಟ್ಟ ದೀಪ, ಮರದ ಕುಸುರಿಯ ಗೋಡೆ, ಕಿಟಕಿಯ ಪರದೆ. ಹಾರ್ನ್‌ಬಿ ಕಂಪನಿಯ ಸಿದ್ಧ ಮಾಡೆಲಿನಲ್ಲಿ ಆ ಮೇಜಿನ ದೀಪಗಳು ಉರಿಯುತ್ತವೆ ಕೂಡ. ಆದರೂ ಒಳಗಿನ ಗೋಡೆಗೆ ಮರದ ಬಣ್ಣವನ್ನು ಕೈಯಾರೆ ಹಚ್ಚಿ, ಕುರ್ಚಿಗೆ ಬಟ್ಟೆಯ ಬಣ್ಣ ಕೊಟ್ಟು, ಪ್ರಯಾಣಿಕರನ್ನು ಕೂರಿಸಿದ ಮೇಲೆಯೇ ಅದು ಬೆಲ್ ಆಗುವುದು.

ಇನ್ನು ಕೊಚ್ಚಿಗೆ ಬರೋಣ, ಸದರ್ನ್ ರೈಲ್ವೆಯ ಮೂಲಕವೇ. ಸರ್ ಹರ್ಬರ್ಟ್ ವಾಕರ್ ಆಡಳಿತದಲ್ಲಿ ಸದರ್ನ್ ರೈಲ್ವೆ ತಲೆಮೇಲಿನ ತಂತಿಯನ್ನು ಬಿಟ್ಟು, ಪಕ್ಕದಲ್ಲಿ ಹಾಸಿದ ಮೂರನೇ ಹಳಿಯಿಂದ ವಿದ್ಯುತ್ ಪಡೆಯುವ ದಾರಿ ಹಿಡಿಯಿತು. ಮೊದಲಿಗೆ 660 ವೋಲ್ಟಿನಷ್ಟಿದ್ದದ್ದು ಆಮೇಲೆ 750 ವೋಲ್ಟ್ ಡಿಸಿ ಆಯಿತು. 2017ರ ಜೂನ್ 17ರಂದು ಆಲುವಾದಿಂದ ಪಾಲಾರಿವಟ್ಟಂವರೆಗೆ ಉದ್ಘಾಟನೆಯಾದ ಕೊಚ್ಚಿ ಮೆಟ್ರೊ ಪಡೆಯುವುದೂ ಮೂರನೇ ಹಳಿಯಿಂದ, ಅದೇ 750 ವೋಲ್ಟ್ ಡಿಸಿ. ಹಳಿಗಳ ಅಂತರವೂ ಬ್ರಿಟನ್ನಿನದೇ, 1435 ಮಿಲಿಮೀಟರ್. ಬೆಂಗಳೂರಿನ ನಮ್ಮ ಮೆಟ್ರೊ ಕೂಡ ಇದೇ ಬಳಗದ್ದು. ಪ್ಲಾಟ್‌ಫಾರಂ ಮೇಲೆ ಹಳದಿ ಗೆರೆಯ ಹಿಂದೆ ನಿಂತು ನೋಡಿದರೂ ಸಾಕು, ಮಾಡೆಲಿಗೆ ಬೇಕಾದ ಪಾಠ ಸಿಗುತ್ತದೆ. ಮೂರನೇ ಹಳಿ ಪ್ಲಾಟ್‌ಫಾರಂ ಕಡೆಗೆ ಇರುವುದಿಲ್ಲ, ಆಚೆ ಬದಿಗಿರುತ್ತದೆ. ಹಳಿ ಕವಲೊಡೆಯುವ ಕಡೆ ಅದು ತುಂಡಾಗುತ್ತದೆ. ತುಂಡಾದ ತುದಿ ಚೌಕವಾಗಿ ಮುಗಿಯುವುದಿಲ್ಲ, ಇಳಿಜಾರಾಗಿ ಬಾಗಿರುತ್ತದೆ. ಒಂದು ವ್ಯತ್ಯಾಸ ಗಮನದಲ್ಲಿರಲಿ: ಈ ಎರಡೂ ಮೆಟ್ರೊಗಳಲ್ಲಿ ಗಾಡಿಯ ವಿದ್ಯುತ್ ಹೀರುವ ಪಾದುಕೆ ಮುಚ್ಚಿದ ಹಳಿಯ ಕೆಳಮೈಯನ್ನು ಸವರುತ್ತದೆ. ಸದರ್ನ್‌ನಲ್ಲಿ ಹಳಿ ಬಯಲಿಗೆ ಬಿದ್ದಿರುತ್ತದೆ, ಪಾದುಕೆ ಅದರ ನೆತ್ತಿಯ ಮೇಲೆಯೇ ಜಾರುತ್ತದೆ.

ಬ್ರಿಟನ್ನಿನ ಆ ಹಳಿ ಓಡುವ ಹಳಿಯ ಒಳಅಂಚಿನಿಂದ 16 ಇಂಚು ಹೊರಗೆ, 3 ಇಂಚು ಮೇಲೆ ಇರುತ್ತದೆ. ಒಂದು ಅಡಿಗೆ 4 ಮಿಲಿಮೀಟರ್ ಎಂಬ ಓಓ ಅಳತೆಗೆ ಇಳಿಸಿದರೆ ಹೊರಕ್ಕೆ 5.3 ಮಿಲಿಮೀಟರ್, ಮೇಲಕ್ಕೆ ಒಂದೇ ಒಂದು ಮಿಲಿಮೀಟರ್. ಆ ಹಳಿಯ ಕೆಳಗೆ, ಅದನ್ನು ಹೊತ್ತು ನಿಲ್ಲುವ ಪಿಂಗಾಣಿಯ ಬಿಳಿ ಕುರ್ಚಿ ಕಾಣಿಸಬೇಕು. ಬ್ರಿಟನ್ನಿನ ಪೀಕೊ ಕಂಪನಿ ಇದಕ್ಕೆಂದೇ ಪುಟ್ಟ ಪ್ಲಾಸ್ಟಿಕ್ ಕುರ್ಚಿಗಳನ್ನು ಮಾರುತ್ತದೆ. ಹಳಿಯನ್ನು ಕುರ್ಚಿಗೆ ತೂರಿಸುವ ಮುಂಚೆಯೇ ಅದರ ಪಕ್ಕಗಳಿಗೆ ತುಕ್ಕಿನ ಬಣ್ಣ ಬಳಿದು, ನೆತ್ತಿಯನ್ನು ಮಾತ್ರ ನಯವಾದ ಉಜ್ಜುಕಾಗದದಿಂದ ಹೊಳಪಿಸಬೇಕು. ಪಾದುಕೆ ಸವರಿ ಸವರಿ ಅಲ್ಲಿ ಬರುವುದು ಬೆಳ್ಳಿಯ ಹೊಳಪಲ್ಲ, ಸೀಸದ ಕಡ್ಡಿಯ ಮಬ್ಬು ಮಿಂಚು. ಗಾಡಿಯ ಕಡೆಗೆ ಬಂದರೆ, ಗಾಲಿಚೌಕಟ್ಟಿನ ಎರಡು ಪಕ್ಕಕ್ಕೂ ಒಂದೊಂದು ಮರದ ತೊಲೆ, ಅದರ ನಡುವೆ ನೇತಾಡುವ ಕಬ್ಬಿಣದ ಪಾದುಕೆ, ಪಾದುಕೆಯಿಂದ ಮೇಲಕ್ಕೆ ಬಳುಕಿ ಹೋಗುವ ದಪ್ಪ ಕೇಬಲ್ಲು. ಆ ಕೇಬಲ್ಲಿಗೆ ಹಳೇ ಇಯರ್‌ಫೋನ್ ವೈರಿನೊಳಗಿನ ತೆಳು ಎಳೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅದನ್ನು ನೇರವಾಗಿ ಬಿಗಿದರೆ ಸತ್ತಂತೆ ಕಾಣುತ್ತದೆ, ಸ್ವಲ್ಪ ಜೋತುಬೀಳಲು ಬಿಟ್ಟರೆ ಜೀವ ಬರುತ್ತದೆ. ಸಿದ್ಧ ಮಾಡೆಲುಗಳಲ್ಲಿ ಅತಿ ಬೇಗ ಮುರಿಯುವುದೂ ಈ ಪಾದುಕೆಯೇ. ಹಾಗಾಗಿ ಬದಲಿಯನ್ನು ಹಿತ್ತಾಳೆ ಪಟ್ಟಿಯಲ್ಲಿ ಮಾಡಿಕೊಳ್ಳುವುದು ವಾಸಿ.

ತಿರುವನಂತಪುರದ ಕಥೆ ಬೇರೆ, ಇನ್ನಷ್ಟು ರೋಚಕ. ತಂಬಾನೂರಿನಲ್ಲಿರುವ ಕಲ್ಲುಕಟ್ಟಡದ ಸೆಂಟ್ರಲ್ ನಿಲ್ದಾಣ ತೆರೆದದ್ದು 1931ರಲ್ಲಿ. ಆಗ ಅಲ್ಲಿಗೆ ಬರುತ್ತಿದ್ದದ್ದು ಸೌತ್ ಇಂಡಿಯನ್ ರೈಲ್ವೆಯ ಮೀಟರ್ ಗೇಜ್ ಗಾಡಿ. ಅದೇ ಕಂಪನಿ, ಅದೇ 1931ರಲ್ಲಿ, ಮದ್ರಾಸಿನ ಬೀಚ್ ನಿಲ್ದಾಣದಿಂದ ತಾಂಬರಂವರೆಗೆ 1500 ವೋಲ್ಟ್ ಡಿಸಿಯಲ್ಲಿ ಮೀಟರ್ ಗೇಜ್ ವಿದ್ಯುತ್ ಗಾಡಿಗಳನ್ನು ಓಡಿಸತೊಡಗಿತು. ಭಾರತದ ಮೊದಲ ಮೀಟರ್ ಗೇಜ್ ವಿದ್ಯುತ್ ಮಾರ್ಗ ಅದು. 1960ರ ದಶಕದಲ್ಲಿ ಅದನ್ನು 25 ಕಿಲೋವೋಲ್ಟ್ ಎಸಿಗೆ ಬದಲಿಸಿದರು, 2004ರಲ್ಲಿ ಮೀಟರ್ ಗೇಜ್ ಗಾಡಿಗಳೇ ನಿಂತವು. ತಿರುವನಂತಪುರಕ್ಕೆ 1976ರಲ್ಲಿ ಬ್ರಾಡ್ ಗೇಜ್ ಬಂತು. ವಿದ್ಯುತ್ ತಂತಿ ಬರಲು 2000ದ ದಶಕದವರೆಗೆ ಕಾಯಬೇಕಾಯಿತು. ಅಂದರೆ ಕೇರಳದ ನೆಲದಲ್ಲಿ ಬ್ರಿಟಿಷರ ಕಾಲದ ವಿದ್ಯುತ್ ಗಾಡಿ ಓಡಲೇ ಇಲ್ಲ. ಆದರೆ ಅದನ್ನು ಓಡಿಸಿದ ಕಂಪನಿಯ ಇನ್ನೊಂದು ತುದಿ ಇಲ್ಲೇ ಇತ್ತು.

ಹೀಗಿರುವಾಗ ಏನನ್ನು ಕಟ್ಟಬೇಕು? ತಂಬಾನೂರಿನ ಕಲ್ಲುಕಟ್ಟಡದ ಮುಂದೆ ತಾಂಬರಂ ಗಾಡಿಯನ್ನು ನಿಲ್ಲಿಸಿ, ತಲೆಮೇಲೆ ತಂತಿ ಎಳೆದು, ‘ಹೀಗಾಗಿದ್ದರೆ’ ಎಂಬ ಲೇಔಟ್ ಮಾಡುವವರಿದ್ದಾರೆ. ಪ್ರಪಂಚದ ಎಲ್ಲ ಕಡೆ ಇದು ಒಪ್ಪಿತ ಸಂಪ್ರದಾಯ. ಆದರೂ ಗಾಡಿಯನ್ನು ಅದರ ಜಾಗದಲ್ಲೇ, 1908ರ ಎಗ್ಮೋರ್ ನಿಲ್ದಾಣದ ಕೆಂಪು-ಬಿಳಿ ಗೋಡೆಯ ಪಕ್ಕದಲ್ಲೇ ನಿಲ್ಲಿಸುವುದು ಮೇಲು. ಕಲ್ಪನೆಯ ಲೇಔಟಿನಲ್ಲಿ ತಪ್ಪನ್ನು ತಿದ್ದುವವರೇ ಇರುವುದಿಲ್ಲ. ನಿಜದ ಜಾಗದಲ್ಲಿ ಪ್ರತಿ ಕಂಬಕ್ಕೂ ಒಂದು ಹಳೇ ಫೋಟೊ ಸಾಕ್ಷಿ ಹೇಳುತ್ತದೆ, ಆ ಶಿಸ್ತಿನಲ್ಲೇ ಕೈ ಪಳಗುವುದು. ಕೇರಳವೇ ಬೇಕೆಂದರೆ ಕೊಚ್ಚಿಯ ವಿಲಿಂಗ್ಡನ್ ದ್ವೀಪವಿದೆ. ರಾಬರ್ಟ್ ಬ್ರಿಸ್ಟೊ ಹಿನ್ನೀರಿನ ಹೂಳೆತ್ತಿಸಿ ಕಟ್ಟಿಸಿದ ಆ ದ್ವೀಪದ ಹಾರ್ಬರ್ ಟರ್ಮಿನಸ್‌ಗೆ ಬೆಂಗಳೂರಿನಿಂದ ಹೊರಡುತ್ತಿದ್ದ ಗಾಡಿಯೇ ಐಲ್ಯಾಂಡ್ ಎಕ್ಸ್‌ಪ್ರೆಸ್. ಗಾಡಿ ಈಗ ಕನ್ಯಾಕುಮಾರಿಗೆ ಹೋಗುತ್ತದೆ, ಹೆಸರು ಮಾತ್ರ ಉಳಿದಿದೆ. ಅದು ವಿದ್ಯುತ್ ಗಾಡಿಯ ಕಥೆಯಲ್ಲವಾದರೂ ಕನ್ನಡಿಗ ಹವ್ಯಾಸಿಯೊಬ್ಬ ಒಂದು ಮೇಜಿನ ಮೇಲೆ ಕಟ್ಟಲು ಅಷ್ಟು ಅಚ್ಚುಕಟ್ಟಾದ ನಿಲ್ದಾಣ ಇನ್ನೊಂದಿಲ್ಲ.

ಅಳತೆಯ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಓಓ ಅಳತೆಯಲ್ಲಿ ಬ್ರಿಟಿಷ್ ಹಳಿಯ ಅಂತರ 18.83 ಮಿಲಿಮೀಟರ್ ಇರಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5. ಗಾಡಿ ಕಿರಿದಾದ ಕಾಲಿನ ಮೇಲೆ ನಿಂತಂತೆ ಕಾಣುವುದು ಇದಕ್ಕೇ. ಆದರೆ ಕೊಚ್ಚಿ ಮೆಟ್ರೊವನ್ನು 1:87ರ ಎಚ್ಓ ಅಳತೆಯಲ್ಲಿ ಕಟ್ಟಿದರೆ ಅದೇ 16.5 ಮಿಲಿಮೀಟರ್ ಹಳಿ ಕರಾರುವಾಕ್ಕಾಗಿ ಹೊಂದುತ್ತದೆ. ತಾಂಬರಂನ ಮೀಟರ್ ಗೇಜ್ ಇದೇ ಅಳತೆಯಲ್ಲಿ 11.5 ಮಿಲಿಮೀಟರ್ ಆಗುತ್ತದೆ. ಸ್ವಿಸ್ ಗಾಡಿಗಳಿಗೆಂದು ಸಿಗುವ 12 ಮಿಲಿಮೀಟರ್ ಹಳಿ ಸಾಕು, ಅರ್ಧ ಮಿಲಿಮೀಟರನ್ನು ಕಣ್ಣು ಹಿಡಿಯಲಾರದು. ಮುಂಬಯಿಯ ಬ್ರಾಡ್ ಗೇಜ್ ಗಾಡಿಗೆ ಮಾತ್ರ ಓಓ ಅಳತೆಯಲ್ಲಿ 22 ಮಿಲಿಮೀಟರ್ ಬೇಕು, ಹಳಿಯನ್ನು ಕೈಯಾರೆ ಜೋಡಿಸಬೇಕು.

ಕರಾವಳಿಯ ಹವೆ ಈ ಕೆಲಸಕ್ಕೆ ಒಗ್ಗುವುದಿಲ್ಲ. ಮಳೆಗಾಲದಲ್ಲಿ ಸ್ಪ್ರೇ ಹೊಡೆದ ಬಣ್ಣ ಒಣಗುವಾಗ ದ್ರಾವಕ ಆರಿ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಸದರ್ನ್‌ನ ಹಸಿರಿನ ಮೇಲೆ ಬೂದಿ ಹರಡಿದಂತಾಗುತ್ತದೆ. ಬಣ್ಣದ ಕೆಲಸವನ್ನು ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಒಣ ದಿನಗಳಿಗೆ ಇಟ್ಟುಕೊಂಡು, ಮಳೆಯಲ್ಲಿ ಬೆಸುಗೆ, ಅರ ಹಾಕುವುದು, ಒಳಾಂಗಣ ಮುಗಿಸಿಕೊಳ್ಳುವುದು ಜಾಣತನ. ಹಿತ್ತಾಳೆ ಕಿಟ್ಟಿಗೆ ಬೆಸುಗೆ ಹಾಕಿದ ದಿನವೇ ಫ್ಲಕ್ಸ್ ತೊಳೆಯದಿದ್ದರೆ ಸಂದಿಗೊಂದಿಯಲ್ಲಿ ಹಸಿರು ಕಿಲುಬು ಏಳುತ್ತದೆ. ಹಳಿ ನಿಕ್ಕಲ್ ಸಿಲ್ವರಿನದೇ ಇರಲಿ, ಉಕ್ಕಿನದು ಬೇಡ. ಕೆಳಗಿನ ಹಲಗೆಗೆ ಮರೀನ್ ಪ್ಲೈ ಒಳ್ಳೆಯದು. ಎರ್ನಾಕುಳಂ ಜಿಲ್ಲೆಯ ಪೆರುಂಬಾವೂರು ಪ್ಲೈವುಡ್ಡಿಗೇ ಹೆಸರಾದ ಊರು, ದೂರ ಹುಡುಕಬೇಕಿಲ್ಲ. ಬೋಗಿಯ ಗೋಡೆಯನ್ನು ಲೇಸರಿನಲ್ಲಿ ಕೊರೆಸುವುದಕ್ಕೆ, ಅಡಿಯ ಪೆಟ್ಟಿಗೆಗಳನ್ನು ತ್ರೀಡಿ ಪ್ರಿಂಟ್ ಮಾಡುವುದಕ್ಕೆ ಬೇಕಾಗುವಂಥ ಯಂತ್ರಗಳು ಕೇರಳ ಸ್ಟಾರ್ಟಪ್ ಮಿಷನ್ನಿನ ಫ್ಯಾಬ್ ಲ್ಯಾಬ್‌ಗಳಲ್ಲಿವೆ, ತಿರುವನಂತಪುರದಲ್ಲೂ ಕೊಚ್ಚಿಯಲ್ಲೂ.

ಮೊದಲ ಸಲ ಕೈಹಾಕುವವರು ಬ್ರೈಟನ್ ಬೆಲ್‌ಗೆ ಆಸೆಪಡುವುದು ಬೇಡ. ಒಂದೊಂದು ಬೋಗಿ ನಿಜದಲ್ಲಿ ಸುಮಾರು 66 ಅಡಿ, ಐದು ಬೋಗಿ ಸೇರಿದರೆ ಓಓ ಅಳತೆಯಲ್ಲೂ 1.3 ಮೀಟರ್ ದಾಟುತ್ತದೆ. ಅದು ತಿರುಗುವಷ್ಟು ವಿಶಾಲವಾದ ಬಾಗು ನಮ್ಮ ಫ್ಲ್ಯಾಟುಗಳಲ್ಲಿ ಹಿಡಿಸುವುದು ಕಷ್ಟ. ಅದರ ಬದಲು ಸದರ್ನ್ ರೈಲ್ವೆಯದೇ 1935ರ 2-ಬಿಲ್ ಇದೆ: ಎರಡೇ ಬೋಗಿ, ಎರಡರಲ್ಲೂ ಶೌಚಾಲಯ, ಲಂಡನ್ನಿನಿಂದ ದಕ್ಷಿಣ ಕರಾವಳಿಯ ಊರುಗಳಿಗೆ ನಿಂತು ನಿಂತು ಹೋಗುತ್ತಿದ್ದ ಸಾದಾ ಗಾಡಿ. ಹಾರ್ನ್‌ಬಿ ಇದನ್ನು ಸಿದ್ಧರೂಪದಲ್ಲೂ ತಂದಿದೆ. ಅರ್ಧ ಮೀಟರ್ ಉದ್ದದ ಈ ಗಾಡಿಗೆ ಒಂದು ಪುಸ್ತಕದ ಕಪಾಟು, ಒಂದು ಪ್ಲಾಟ್‌ಫಾರಂ, ಕೈಯಳತೆಯ ಮೂರನೇ ಹಳಿ ಸಾಕು. ಓಡಿಸುವಾಗ ಕಂಟ್ರೋಲರಿನ ಗುಂಡಿಯನ್ನು ಒಮ್ಮೆಲೇ ತಿರುಗಿಸಬಾರದು. ನಿಜದ ಡಿಸಿ ಗಾಡಿಯಲ್ಲಿ ಮೋಟರುಗಳನ್ನು ಮೊದಲು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿ, ನಡುವೆ ಇಟ್ಟ ರೋಧಕಗಳನ್ನು ಒಂದೊಂದಾಗಿ ಕಳಚುತ್ತ, ವೇಗ ಬಂದ ಮೇಲೆಯೇ ಸಮಾನಾಂತರಕ್ಕೆ ದಾಟಿಸುತ್ತಿದ್ದರು. 12 ವೋಲ್ಟಿನ ಮಾಡೆಲಿನಲ್ಲೂ ಮೂರು, ನಾಲ್ಕು, ಐದು ವೋಲ್ಟ್ ಎಂದು ತಡೆದು ತಡೆದು ಏರಿಸಿದರೆ ಗಾಡಿ ಪ್ಲಾಟ್‌ಫಾರಂ ಬಿಡುವ ರೀತಿ ಥೇಟ್ ಸದರ್ನ್‌ನದೇ ಆಗುತ್ತದೆ.