ಮೊದಲ ಮೂರು ಸಾಲು

ಹೆಣ್ಣೊಬ್ಬಳು ಏನನ್ನಾದರೂ ಕಟ್ಟಿ ನಿಲ್ಲಿಸಿದಾಗ ಅದರ ಕಥೆಯನ್ನು ನಾವು ಒಂದೇ ಬಗೆಯಲ್ಲಿ ಹೇಳುತ್ತೇವೆ. ಆಕೆಯ ಕೈಯಲ್ಲಿ ಕಾಸಿರಲಿಲ್ಲ, ಸಂಬಳವೋ ಅಷ್ಟಕ್ಕಷ್ಟೆ, ಎಲ್ಲ ಕೆಲಸವನ್ನೂ ಒಬ್ಬಳೇ ಮಾಡಿದಳು, ಒಂದು ದಿನವೂ ಗೊಣಗಲಿಲ್ಲ, ಕೊನೆಗೆ ಊರೇ ತಲೆದೂಗಿತು. ಶಾಲೆ ಕಟ್ಟಿದವಳ ಕಥೆಯೂ ಇದೇ, ಆಸ್ಪತ್ರೆ ಕಟ್ಟಿದವಳ ಕಥೆಯೂ ಇದೇ. ಸನ್ಮಾನ ಸಮಾರಂಭಗಳಲ್ಲಿ ಕೇಳುವುದಕ್ಕೆ ಇದು ಚೆನ್ನಾಗಿರುತ್ತದೆ. ಆದರೆ ಹೀಗೆ ಹೇಳುವುದರಿಂದ ಯಾರಿಗೆ ಅನುಕೂಲ?

ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಆಗಿದ್ದ ಪ್ಯಾಟ್ ಸಮಿಟ್ ಅವರ ಆತ್ಮಕಥೆಯನ್ನು ಓದುತ್ತಿದ್ದಾಗ ಈ ಪ್ರಶ್ನೆ ಬಲವಾಗಿ ಎದ್ದಿತು. ಪುಸ್ತಕದ ಹೆಸರು 'ಸಮ್ ಇಟ್ ಅಪ್'. ಒಟ್ಟು ಲೆಕ್ಕ ಹಾಕು ಎಂಬ ಅರ್ಥದ ಈ ಮಾತಿನಲ್ಲಿ ಅವರ ಹೆಸರೂ ಅಡಗಿದೆ. ಪತ್ರಕರ್ತೆ ಸ್ಯಾಲಿ ಜೆಂಕಿನ್ಸ್ ಅವರ ಜೊತೆಗೂಡಿ ಬರೆದ ಇದು ಪ್ರಕಟವಾದದ್ದು 2013ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 59ನೆಯ ವಯಸ್ಸಿನಲ್ಲಿ, ತಮಗೆ ಅಲ್‌ಝೈಮರ್ಸ್ ಎಂಬ ಮರೆವಿನ ಕಾಯಿಲೆ ಹಿಡಿದಿದೆಯೆಂದು ಪ್ಯಾಟ್ ಲೋಕಕ್ಕೆ ತಿಳಿಸಿದ್ದರು. ನೆನಪು ಕೈಬಿಡುವ ಮುನ್ನ ಎಲ್ಲವನ್ನೂ ಬರೆದಿಡುವ ಆತುರ ಪುಸ್ತಕದ ಹಿಂದಿದೆ.

ಬ್ಯಾಸ್ಕೆಟ್‌ಬಾಲ್ ನಮಗೇಕೆ ಎಂದು ಪುಟ ಮಗುಚಬೇಡಿ. ಆಟದ ವರಸೆಗಳನ್ನು ವಿವರಿಸಲು ನಾನು ಕೂತಿಲ್ಲ. ನಾನು ಪಾಠ ಹೇಳುವವಳು. ಒಂದು ವಿದ್ಯಾಸಂಸ್ಥೆಯೊಳಗೆ ಹೆಣ್ಣುಮಕ್ಕಳಿಗೆ ಜಾಗ ಹೇಗೆ ಸಿಕ್ಕಿತು, ಸಿಕ್ಕ ಮೇಲೆ ಅದನ್ನು ಅವರು ಏನು ಮಾಡಿದರು ಎಂಬುದಷ್ಟೇ ನನ್ನ ಆಸಕ್ತಿ.

ಪ್ಯಾಟ್ ಹುಟ್ಟಿದ್ದು 1952ರಲ್ಲಿ, ಟೆನೆಸಿಯ ಒಂದು ರೈತ ಕುಟುಂಬದಲ್ಲಿ. ಹುಲ್ಲು ಒಟ್ಟುವ ಅಟ್ಟದ ಮೇಲೆ ಮೂವರು ಅಣ್ಣಂದಿರ ಜೊತೆ ಚೆಂಡಾಡಿ ಬೆಳೆದವರು. ಊರಿನ ಹೈಸ್ಕೂಲಿನಲ್ಲಿ ಹುಡುಗಿಯರ ತಂಡವಿಲ್ಲವೆಂದು ತಂದೆ ಸಂಸಾರವನ್ನೇ ತಂಡವಿರುವ ಬೇರೊಂದು ಊರಿಗೆ ಸಾಗಿಸಿದರು. 1974ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವರು ನಾಕ್ಸ್‌ವಿಲ್ ನಗರದಲ್ಲಿರುವ ಟೆನೆಸಿ ವಿಶ್ವವಿದ್ಯಾಲಯಕ್ಕೆ ಬಂದದ್ದು ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿ. ತಂಡಕ್ಕೆ ಸಹಾಯಕಿಯಾಗಬೇಕಿತ್ತು. ಅಷ್ಟರಲ್ಲಿ ಇದ್ದ ಕೋಚ್ ರಜೆಯ ಮೇಲೆ ಹೋದದ್ದರಿಂದ ಇಡೀ ತಂಡ ಇವರ ಹೆಗಲಿಗೆ ಬಿತ್ತು. ತಿಂಗಳಿಗೆ 250 ಡಾಲರ್ ಸಂಬಳ. ಊರೂರಿಗೆ ವ್ಯಾನು ಓಡಿಸುವವರೂ ಅವರೇ, ಆಟಗಾರ್ತಿಯರ ಬೆವರಿನ ಬಟ್ಟೆ ಒಗೆಯುವವರೂ ಅವರೇ. ಆ ಬಟ್ಟೆಗಳನ್ನಾದರೂ ಕೊಂಡದ್ದು ಡೋನಟ್ ಎಂಬ ಸಿಹಿತಿಂಡಿ ಮಾರಿ ಕೂಡಿಸಿದ ಹಣದಿಂದ. ಮೊದಲ ಪಂದ್ಯದಲ್ಲಿ ಅವರ ತಂಡ 84-83ರಿಂದ, ಒಂದೇ ಒಂದು ಅಂಕದಿಂದ, ಸೋತಿತು.

ಪ್ಯಾಟ್ ಬಗ್ಗೆ ಯಾರೇ ಬರೆಯಲಿ, ಈ ವ್ಯಾನು, ಈ ಒಗೆತ, ಈ ಡೋನಟ್ ಬಂದೇ ಬರುತ್ತವೆ. ಓದುವವರ ಕಣ್ಣು ತೇವವಾಗುತ್ತದೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಅದೇ ಆವರಣದಲ್ಲಿ ಗಂಡುಹುಡುಗರ ಫುಟ್‌ಬಾಲ್ ನೋಡಲು ಹತ್ತಾರು ಸಾವಿರ ಜನ ಕೂರುವ ಕ್ರೀಡಾಂಗಣ ಆಗಲೇ ಎದ್ದು ನಿಂತಿತ್ತು. ಅಷ್ಟು ದೊಡ್ಡ ಸಂಸ್ಥೆಗೆ ಹುಡುಗಿಯರ ಹತ್ತು ಜೊತೆ ಬಟ್ಟೆ ಹೊಲಿಸುವ ಶಕ್ತಿ ಇರಲಿಲ್ಲವೆ? ಇತ್ತು. ಕೊಡಬೇಕೆಂದು ತೋಚಲಿಲ್ಲ, ಅಷ್ಟೆ. ಆ ಜಿಪುಣತನವನ್ನೇ ಈಗ ಆಕೆಯ ತಪಸ್ಸು ಎಂದು ಬಣ್ಣಿಸಿದರೆ ಸಂಸ್ಥೆ ತಪ್ಪಿಸಿಕೊಳ್ಳುತ್ತದೆ.

ಚರಿತ್ರೆಯನ್ನು 1974ರಿಂದ ಆರಂಭಿಸುವುದರಲ್ಲೂ ಒಂದು ಮರೆವಿದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಟೆನೆಸಿಯಲ್ಲಿ ಹುಡುಗಿಯರು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. 1920ರ ದಶಕದಲ್ಲಿ ಅದು ನಿಂತುಹೋಯಿತು. ಸ್ಪರ್ಧೆಯ ಆಟ ಹುಡುಗಿಯರ ಮೈಗೂ ಮನಸ್ಸಿಗೂ ಒಳ್ಳೆಯದಲ್ಲ ಎಂಬ ಮಾತು ಆಗ ಆ ದೇಶದ ತುಂಬ ಹಬ್ಬಿತ್ತು. ಹೇಳುತ್ತಿದ್ದವರು ಗಂಡಸರು ಮಾತ್ರವಲ್ಲ. 1923ರಲ್ಲಿ ಲೂ ಹೆನ್ರಿ ಹೂವರ್ ಅವರ ನೇತೃತ್ವದಲ್ಲಿ ಹುಟ್ಟಿದ ಮಹಿಳಾ ವಿಭಾಗವೊಂದು, ಅದರಲ್ಲಿದ್ದ ಓದಿದ ಹೆಂಗಸರೇ, ಹುಡುಗಿಯರ ಅಂತರ ಕಾಲೇಜು ಪಂದ್ಯಗಳನ್ನು ವಿರೋಧಿಸಿದರು. ಮಕ್ಕಳ ಹಿತಕ್ಕಾಗಿಯೇ ಬಾಗಿಲು ಮುಚ್ಚಿದೆವು ಎಂದು ಅವರು ನಂಬಿದ್ದರು. ಮುಚ್ಚಿದ ಬಾಗಿಲು ಸರಿಯಾಗಿ ತೆರೆಯಲು ಅರ್ಧ ಶತಮಾನ ಬೇಕಾಯಿತು.

ತೆರೆಸಿದ್ದು ಒಂದು ಕಾನೂನು. 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಶಿಕ್ಷಣ ಕಾಯ್ದೆಯ ಒಂಬತ್ತನೆಯ ವಿಧಿ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಗಂಡು ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂಬುದು ಅದರ ಸಾರ. ಸ್ವಾರಸ್ಯವೆಂದರೆ, ಆ ವಿಧಿಯ ಮೂಲಪಾಠದಲ್ಲಿ ಆಟ ಎಂಬ ಮಾತೇ ಇಲ್ಲ. ಅಂಕಣದ ಬಾಗಿಲು ತೆರೆದದ್ದು ಪಾಠದ ಕೋಣೆಯ ಹಕ್ಕಿನಿಂದ. ಪ್ಯಾಟ್ ಎಷ್ಟೇ ಗಟ್ಟಿಗಿತ್ತಿಯಾಗಿದ್ದರೂ ಹತ್ತು ವರ್ಷ ಮೊದಲೇ ಹುಟ್ಟಿದ್ದರೆ ಬಹುಶಃ ವ್ಯಾನು ಓಡಿಸುವುದರಲ್ಲೇ ಅವರ ಕಥೆ ಮುಗಿಯುತ್ತಿತ್ತು.

ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಆಗ ಟೆನೆಸಿಯ ಹೈಸ್ಕೂಲುಗಳಲ್ಲಿ ಹುಡುಗರಿಗೊಂದು ಬ್ಯಾಸ್ಕೆಟ್‌ಬಾಲ್, ಹುಡುಗಿಯರಿಗೊಂದು. ಹುಡುಗರ ತಂಡದಲ್ಲಿ ಐವರು, ಅಂಕಣದ ತುಂಬ ಓಡಬಹುದು. ಹುಡುಗಿಯರ ತಂಡದಲ್ಲಿ ಆರು ಮಂದಿ. ಮೂವರು ಒಂದು ಅರ್ಧದಲ್ಲಿ ನಿಂತು ಬುಟ್ಟಿಗೆ ಚೆಂಡು ಹಾಕಬೇಕು, ಇನ್ನು ಮೂವರು ಮತ್ತೊಂದು ಅರ್ಧದಲ್ಲಿ ನಿಂತು ತಡೆಯಬೇಕು. ನಡುವಿನ ಗೆರೆಯನ್ನು ಯಾರೂ ದಾಟುವಂತಿಲ್ಲ. ನಮಗೆ ಲಕ್ಷ್ಮಣರೇಖೆ ಹೊಸದಲ್ಲ ತಾನೆ? ತಡೆಯುವ ಜಾಗದಲ್ಲಿ ನಿಂತ ಹುಡುಗಿ ನಾಲ್ಕು ವರ್ಷ ಆಡಿದರೂ ಒಮ್ಮೆಯಾದರೂ ಬುಟ್ಟಿಗೆ ಚೆಂಡು ಎಸೆಯುವಂತಿರಲಿಲ್ಲ. ಅಂಥವಳಿಗೆ ಯಾವ ಕಾಲೇಜು ವಿದ್ಯಾರ್ಥಿವೇತನ ಕೊಟ್ಟು ಕರೆದೀತು?

ಅಂಥ ಒಬ್ಬ ಹುಡುಗಿ ನ್ಯಾಯಾಲಯದ ಮೆಟ್ಟಿಲೇರಿದಳು. ಪ್ಯಾಟ್ ಅವಳ ಪರವಾಗಿ ಸಾಕ್ಷಿ ನುಡಿದರು. ಕೆಳಗಿನ ನ್ಯಾಯಾಲಯದಲ್ಲಿ 1976ರಲ್ಲಿ ಗೆದ್ದ ಮೊಕದ್ದಮೆ ಮರುವರ್ಷ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಪ್ಯಾಟ್ ಅಲ್ಲಿಗೆ ಬಿಡಲಿಲ್ಲ. ಈ ಅರ್ಧ ಅಂಕಣದ ಆಟ ನಿಲ್ಲುವವರೆಗೆ ಸ್ವಂತ ರಾಜ್ಯದ ಹುಡುಗಿಯರನ್ನು ತಂಡಕ್ಕೆ ಆರಿಸುವುದಿಲ್ಲವೆಂದು ಪಟ್ಟು ಹಿಡಿದರು. 1979ರಲ್ಲಿ ಟೆನೆಸಿ ಐವರ ಆಟಕ್ಕೆ ಬದಲಾಯಿತು. ವ್ಯಾನು ಓಡಿಸಿದ ಕಥೆಗಿಂತ ಇದು ನೂರು ಪಾಲು ದೊಡ್ಡದು ಎಂದು ನನಗೆ ಅನಿಸುತ್ತದೆ. ಸಹಿಸಿಕೊಂಡದ್ದಕ್ಕೆ ನಾವು ಕೊಡುವ ಹೊಗಳಿಕೆಯಲ್ಲಿ ಅರ್ಧದಷ್ಟನ್ನಾದರೂ ಹಟ ಹಿಡಿದದ್ದಕ್ಕೆ ಕೊಡುತ್ತೇವೆಯೆ?

ಮುಂದಿನದೆಲ್ಲ ಗೆಲುವಿನ ಪಟ್ಟಿ. 1976ರಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಸೇರಿದಾಗ ಆಟಗಾರ್ತಿಯಾಗಿ ಬೆಳ್ಳಿ, 1984ರಲ್ಲಿ ಕೋಚ್ ಆಗಿ ಚಿನ್ನ. 1987ರಿಂದ 2008ರವರೆಗೆ ಎಂಟು ರಾಷ್ಟ್ರೀಯ ಪ್ರಶಸ್ತಿ. 1997-98ರಲ್ಲಿ 39 ಪಂದ್ಯ ಆಡಿ 39ನ್ನೂ ಗೆದ್ದರು. 1987ರ ಡಿಸೆಂಬರ್‌ನಲ್ಲಿ ಟೆಕ್ಸಸ್ ವಿರುದ್ಧದ ಪಂದ್ಯ ನೋಡಲು 24,563 ಜನ ಸೇರಿದ್ದರು. 38 ವರ್ಷದ ಒಟ್ಟು ಲೆಕ್ಕ 1,098 ಗೆಲುವು, 208 ಸೋಲು. ಪುಸ್ತಕದ ಉಪಶೀರ್ಷಿಕೆಯಲ್ಲಿ ಸೋಲುಗಳನ್ನು ಒಂದೆರಡು ಎಂದು ತಮಾಷೆಯಾಗಿ ತೇಲಿಸಿಬಿಟ್ಟಿದ್ದಾರೆ. ಇರಲಿ, ಅಷ್ಟು ಗೆದ್ದವರಿಗೆ ಅಷ್ಟು ಸಲುಗೆ ಉಂಟು.

ನನ್ನ ತಕರಾರು ಇರುವುದು ಇನ್ನೊಂದು ಪ್ರಸಂಗದ ಬಗ್ಗೆ. 1990ರಲ್ಲಿ ತುಂಬು ಗರ್ಭಿಣಿಯಾಗಿದ್ದ ಪ್ಯಾಟ್ ಒಬ್ಬ ಆಟಗಾರ್ತಿಯನ್ನು ತಂಡಕ್ಕೆ ಒಪ್ಪಿಸಲು ಪೆನ್ಸಿಲ್ವೇನಿಯಾಕ್ಕೆ ವಿಮಾನದಲ್ಲಿ ಹೋದರು. ಅಲ್ಲಿಯೇ ಹೆರಿಗೆಯ ಸೂಚನೆ ಕಾಣಿಸಿತು. ವಾಪಸು ಬರುವಾಗ ದಾರಿಯಲ್ಲಿ ವಿಮಾನ ಇಳಿಸೋಣವೆಂದರೆ ಒಪ್ಪದೆ, ಮಗು ಟೆನೆಸಿಯಲ್ಲೇ ಹುಟ್ಟಬೇಕೆಂದು ಹಟ ಮಾಡಿ ಬಂದು ಹೆತ್ತರು. ಅದಕ್ಕೆ ಮೊದಲು ಅವರಿಗೆ ಹಲವು ಸಲ ಗರ್ಭ ನಿಂತಿರಲಿಲ್ಲ. ಹೆತ್ತ ಹೆಂಗಸರು ಈ ಎರಡು ವಾಕ್ಯಗಳನ್ನು ಜೊತೆಯಲ್ಲಿಟ್ಟು ಓದಿ ನೋಡಿ. ಅಮೆರಿಕದ ಪತ್ರಿಕೆಗಳಿಗೆ ಇದು ಮೆಚ್ಚಿನ ವೀರಗಾಥೆ. ನನಗೆ ಮಾತ್ರ ಆ ವಿಮಾನದಲ್ಲಿ ಕೂತ ಹೆಂಗಸಿನ ಬೆನ್ನುನೋವು ನೆನಪಾಗುತ್ತದೆ. ಆ ಸ್ಥಿತಿಯಲ್ಲಿ ಹೋಗಬೇಡಿ ಎಂದು ತಡೆಯುವವರು ಒಬ್ಬರಾದರೂ ಇರಬಾರದಿತ್ತೆ? 2025ರ ಜನವರಿಯಲ್ಲಿ ಅದೇ ತಂಡದ ಕೋಚ್ ಆಗಿದ್ದ ಕಿಮ್ ಕಾಲ್ಡ್‌ವೆಲ್ ಹೆರಿಗೆಯಾಗಿ ಒಂದು ವಾರದಲ್ಲೇ ಅಂಕಣಕ್ಕೆ ಮರಳಿದರು. ಆಗಲೂ ಚಪ್ಪಾಳೆ. ಅದು ಆಕೆಯ ಇಷ್ಟ, ನಿಜ. ಆದರೆ ಒಬ್ಬಳ ಇಷ್ಟಕ್ಕೆ ಬಿದ್ದ ಚಪ್ಪಾಳೆ ಇನ್ನೊಬ್ಬಳಿಗೆ ಅಪ್ಪಣೆಯಾಗಿ ಕೇಳಿಸುತ್ತದೆ. ನಾನು ಮೂರು ದಿನಕ್ಕೇ ಎದ್ದು ಒಲೆ ಹಚ್ಚಿದ್ದೆ ಎಂದು ಬಾಣಂತಿ ಸೊಸೆಗೆ ಹೇಳುವ ಅತ್ತೆಯರನ್ನು ನಾವು ಕಂಡಿಲ್ಲವೆ?

ಗಟ್ಟಿತನದ ಈ ಪೂಜೆಯಲ್ಲಿ ಮರೆಯಾಗುವವರೂ ಇದ್ದಾರೆ. 1996ರಿಂದ 1998ರವರೆಗೆ ಸತತ ಮೂರು ಪ್ರಶಸ್ತಿ ಗೆದ್ದ ತಂಡದ ತಾರೆ ಷಮೀಕ್ ಹೋಲ್ಡ್ಸ್‌ಕ್ಲಾ ನ್ಯೂಯಾರ್ಕಿನಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗಿ. ಮುಂದೆ ಖಿನ್ನತೆಯೊಂದಿಗೆ ವರ್ಷಗಟ್ಟಲೆ ಸೆಣಸಿ, ಅದನ್ನು ಧೈರ್ಯವಾಗಿ ಹೇಳಿಕೊಂಡಳು. ಇದಕ್ಕೆ ಕೋಚನ್ನು ದೂರುತ್ತಿಲ್ಲ. ಆದರೆ ಗೆದ್ದ ಹುಡುಗಿಯೂ ಕುಸಿಯಬಹುದು ಎಂಬುದಕ್ಕೆ ಗೆಲುವಿನ ಪಟ್ಟಿಯಲ್ಲಿ ಅಂಕಣವಿಲ್ಲ. ಅದೇ ತಂಡದಲ್ಲಿದ್ದ ಟಮೀಕಾ ಕ್ಯಾಚಿಂಗ್ಸ್‌ಗೆ ಹುಟ್ಟಿನಿಂದ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೇರೆ ಮಕ್ಕಳು ಆಡಿಕೊಳ್ಳುತ್ತಾರೆಂದು ಚಿಕ್ಕಂದಿನಲ್ಲೇ ಶ್ರವಣ ಯಂತ್ರ ಎಸೆದಿದ್ದಳು. ಕಾಲೇಜಿಗೆ ಬಂದಾಗ ಮತ್ತೆ ಯಂತ್ರ ಹಾಕಿಕೊಳ್ಳುವಂತೆ ಅವಳನ್ನು ಒಪ್ಪಿಸಿದವರು ಪ್ಯಾಟ್. ನೋಡಿ, ನೆರವು ಪಡೆಯುವುದು ನಾಚಿಕೆಯಲ್ಲ ಎಂದು ಆ ಹುಡುಗಿಗೆ ಹೇಳಿದವರು ಇದೇ ಗಟ್ಟಿಗಿತ್ತಿ. ಪ್ಯಾಟ್ ಅವರ ಈ ಮುಖವನ್ನು ನಾವು ಹೆಚ್ಚು ಹೇಳಬೇಕು.

ಇನ್ನು ಶಿಕ್ಷಕಿಯಾಗಿ ನನ್ನ ಮನಸ್ಸನ್ನು ತುಂಬಿದ ಸಂಗತಿ. ತಂಡದ ಹುಡುಗಿಯರು ಪ್ರತಿ ತರಗತಿಯಲ್ಲೂ ಮೊದಲ ಮೂರು ಸಾಲುಗಳಲ್ಲೇ ಕೂರಬೇಕೆಂದು ಪ್ಯಾಟ್ ನಿಯಮ ಮಾಡಿದ್ದರು. ಕಾರಣವಿಲ್ಲದೆ ಪಾಠ ತಪ್ಪಿಸುವಂತಿರಲಿಲ್ಲ. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬ ಹುಡುಗಿಯೂ ಪದವಿ ಪಡೆದಳು. ಪ್ರತಿಯೊಬ್ಬಳೂ! 1,098ರ ಎದುರು ನಾನು ಇಡುವ ಸಂಖ್ಯೆ ಇದು. ಹಿಂದಿನ ಬೆಂಚು ಎಂಬುದು ಎಷ್ಟು ಹುಡುಗಿಯರನ್ನು ನುಂಗಿದೆಯೆಂದು ಪಾಠ ಹೇಳುವವರಿಗೆ ಗೊತ್ತು. ಮುಂದೆ ಕೂತವಳನ್ನು ಮೇಷ್ಟರು ಪ್ರಶ್ನೆ ಕೇಳುತ್ತಾರೆ, ಕೇಳಿದರೆ ಉತ್ತರಿಸಬೇಕು, ಉತ್ತರಿಸಲು ಓದಿರಬೇಕು. ಖರ್ಚಿಲ್ಲದ ನಿಯಮ, ಆದರೆ ಒಂದು ಹುಡುಗಿಯ ಬಾಳನ್ನೇ ತಿರುಗಿಸುವಂಥದ್ದು. ಎಷ್ಟು ಪ್ರಶಸ್ತಿ ಬಂತು ಎಂಬುದು ಎಲ್ಲರ ಬಾಯಲ್ಲಿದೆ. ಎಷ್ಟು ಜನ ಪದವಿ ಪಡೆದರು ಎಂಬುದು ಮಾತ್ರ ಭಾಷಣದ ಕೊನೆಗೆ, ಚಪ್ಪಾಳೆಯ ನಡುವೆ ಬರುತ್ತದೆ.

ಆಟಕ್ಕೆ ದುಡ್ಡು ಬಂದ ಮೇಲೆ ಏನಾಯಿತೆಂಬುದನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾದೀತು. 1971ರಲ್ಲಿ ಹುಟ್ಟಿದ ಸಂಸ್ಥೆಯೊಂದು ಮಹಿಳಾ ಕಾಲೇಜು ಕ್ರೀಡೆಯನ್ನು ನಡೆಸುತ್ತಿತ್ತು; ಅದರ ಆಡಳಿತ ಹೆಂಗಸರ ಕೈಯಲ್ಲಿತ್ತು. 1982ರಲ್ಲಿ ಗಂಡಸರ ದೊಡ್ಡ ಕ್ರೀಡಾಸಂಸ್ಥೆ ತನ್ನದೇ ಮಹಿಳಾ ಪಂದ್ಯಾವಳಿ ಆರಂಭಿಸಿತು. ಹೆಂಗಸರ ಸಂಸ್ಥೆ ಮುಚ್ಚಿಹೋಯಿತು. 1972ರಲ್ಲಿ ಕಾಲೇಜು ಮಹಿಳಾ ತಂಡಗಳಲ್ಲಿ ಶೇ. 90ಕ್ಕೂ ಹೆಚ್ಚಿನವಕ್ಕೆ ಹೆಂಗಸರೇ ಕೋಚ್ ಆಗಿದ್ದರು. 2014ರ ಹೊತ್ತಿಗೆ ಅದು ಶೇ. 43ರ ಆಸುಪಾಸಿಗೆ ಇಳಿದಿತ್ತು. ಸಂಬಳವಿಲ್ಲದಾಗ ಹೆಂಗಸರ ಕೆಲಸ, ಸಂಬಳ ಬಂದೊಡನೆ ಎಲ್ಲರ ಕೆಲಸ. ಪುರುಷರ ತಂಡಕ್ಕೆ ಕೋಚ್ ಆಗುತ್ತೀರಾ ಎಂಬ ಪ್ರಶ್ನೆ ಪ್ಯಾಟ್‌ಗೂ ಬಂದಿತ್ತು. ಅದನ್ನು ಬಡ್ತಿ ಎಂದು ಏಕೆ ಭಾವಿಸುತ್ತೀರಿ ಎಂದು ಅವರು ತಿರುಗಿ ಕೇಳಿದರು.

ಕೊನೆಯದಾಗಿ ಹೆಸರಿನ ವಿಚಾರ. ಟೆನೆಸಿಯ ಪುರುಷರ ತಂಡಗಳಿಗೆ ವಾಲಂಟಿಯರ್ಸ್ ಎಂದು ಹೆಸರು, ಮಹಿಳೆಯರದು ಲೇಡಿ ವಾಲಂಟಿಯರ್ಸ್. ನಮ್ಮ ಲೇಡಿ ಡಾಕ್ಟರ್ ಇದ್ದ ಹಾಗೆ. ಡಾಕ್ಟರ್ ಎಂದರೆ ಗಂಡಸು, ಹೆಂಗಸಾದರೆ ಮುಂದೊಂದು ಬಾಲ. ಅಂಥ ಬಾಲ ಕತ್ತರಿಸಿದರೆ ಒಳ್ಳೆಯದೇ ಎಂದು ನೀವೂ ಅನ್ನಬಹುದು. ವಿಶ್ವವಿದ್ಯಾಲಯ 2014ರಲ್ಲಿ ಅದನ್ನೇ ಮಾಡಿತು. ಬ್ಯಾಸ್ಕೆಟ್‌ಬಾಲ್ ಒಂದನ್ನು ಬಿಟ್ಟು ಉಳಿದ ಮಹಿಳಾ ತಂಡಗಳಿಂದ 'ಲೇಡಿ' ತೆಗೆಯುವುದಾಗಿ ಸಾರಿತು. ಹಳೆಯ ವಿದ್ಯಾರ್ಥಿನಿಯರು ಸಿಡಿದೆದ್ದರು. ಏಕೆ? ಅಲ್ಲಿ ಮಹಿಳಾ ಕ್ರೀಡೆಗೆ ಪ್ರತ್ಯೇಕ ವಿಭಾಗವೇ ಇತ್ತು, ಅದಕ್ಕೆ ಹೆಂಗಸೇ ಮುಖ್ಯಸ್ಥೆ. ಕೆಲವೇ ವರ್ಷಗಳ ಹಿಂದೆ ಅದನ್ನು ಪುರುಷರ ವಿಭಾಗದೊಂದಿಗೆ ಸೇರಿಸಲಾಗಿತ್ತು. ಮನೆ ಹೋಯಿತು, ಈಗ ಹೆಸರೂ ಹೋಗುತ್ತದೆ ಎಂಬುದು ಅವರ ಸಂಕಟ. 2017ರಲ್ಲಿ ವಿಶ್ವವಿದ್ಯಾಲಯ ಹೆಸರನ್ನು ಮರಳಿ ಕೊಟ್ಟಿತು. ಬಾಲವೆಂದು ಇತರರು ಅಂಟಿಸಿದ್ದನ್ನೇ ಆ ಹುಡುಗಿಯರು ನಲವತ್ತು ವರ್ಷ ದುಡಿದು ತಮ್ಮ ಬಾವುಟ ಮಾಡಿಕೊಂಡಿದ್ದರು. ಅದನ್ನು ಇಳಿಸುವ ಹಕ್ಕು ಇದ್ದರೆ ಅವರಿಗೇ ಇರಬೇಕು.

ಪ್ಯಾಟ್ 2012ರಲ್ಲಿ ಹುದ್ದೆಯಿಂದ ಇಳಿದರು, 2016ರ ಜೂನ್ 28ರಂದು ತೀರಿಕೊಂಡರು. ಆಗ ಅವರಿಗೆ 64 ವರ್ಷ. ಪುಸ್ತಕ ಓದಿ, ಅವರ ದುಡಿಮೆಗೆ ಕೈಮುಗಿಯಿರಿ. ಆದರೆ ಮನೆಯ ಹೆಣ್ಣುಮಕ್ಕಳಿಗೆ ಈ ಕಥೆ ಹೇಳುವಾಗ ಆ ವಿಮಾನವನ್ನು ಸ್ವಲ್ಪ ಹಿಂದಕ್ಕಿಡಿ. ಸಾಕ್ಷಿಕಟ್ಟೆಯಲ್ಲಿ ನಿಂತದ್ದನ್ನು ಮೊದಲು ಹೇಳಿ, ಮೊದಲ ಮೂರು ಸಾಲಿನ ನಿಯಮವನ್ನು ಆಮೇಲೆ. ಗೆಲುವಿನ ಲೆಕ್ಕವನ್ನು ಅವರೇ ಕೇಳುತ್ತಾರೆ.